ಹೂಜಿಗಳ ಬಾಯಿಗೆ ಕಟ್ಟಿದ ಬಟ್ಟೆ

ಹೌಜ್ ಖಾಸ್‌ನ ಆ ಮನೆಗೆ ರೂಮು ಕೇಳಿಕೊಂಡು ಹೋದಾಗ ಮನೆಯ ಒಡತಿ ನನ್ನನ್ನು ಎರಡೇ ಪ್ರಶ್ನೆ ಕೇಳಿದರು. ಯಾವ ಊರು, ಅಪ್ಪ ಏನು ಮಾಡುತ್ತಾರೆ. ಕರ್ನಾಟಕ ಎಂದೆ. ಅಪ್ಪ ಸೈನ್ಯದಲ್ಲಿದ್ದವರು, ಈಗ ರಿಟೈರ್ ಆಗಿದ್ದಾರೆ ಎಂದೆ. ಎರಡನೆಯದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ, ಕರ್ನಾಟಕ ಎಂದೊಡನೆ ಅವರ ಮುಖ ಅರಳಿಬಿಟ್ಟಿತ್ತು. ಅವರು ದಿಗಂಬರ ಜೈನರು, ಅರುವತ್ತು ದಾಟಿದ ವಿಧವೆ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಶ್ರವಣಬೆಳಗೊಳಕ್ಕೆ ಹೋಗಿ, ಬರಿಗಾಲಲ್ಲಿ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬಂದಿದ್ದರು. ಅವರ ಮಟ್ಟಿಗೆ ಕರ್ನಾಟಕವೆಂದರೆ ಆ ಬೆಟ್ಟ, ಉಳಿದ ನಾವೆಲ್ಲ ಅದರ ಸುತ್ತಮುತ್ತ ವಾಸವಾಗಿರುವ ಜನ. “ನೀವು ಮಾಂಸ, ಮೊಟ್ಟೆ ಮುಟ್ಟುವವರಲ್ಲ, ಅದನ್ನೇನು ಕೇಳುವುದು,” ಎಂದು ಹಿಂದಿಯಲ್ಲಿ ಹೇಳಿ ಬೀಗದ ಕೈ ತೆಗೆದುಕೊಟ್ಟರು. ನಾನು ತಲೆಯಾಡಿಸಿದೆ.

ನಾವು ಸೋಮವಾರಪೇಟೆ ಕಡೆಯವರು. ನಮ್ಮ ಮನೆಯಲ್ಲಿ ಹಂದಿಮಾಂಸ ಬೇಯದೆ ಯಾವ ಸಂತೋಷದ ಕೆಲಸವೂ ಮುಗಿಯುವುದಿಲ್ಲ. ಆದರೆ ದೆಹಲಿಯವರಿಗೆ ವಿಂಧ್ಯದಿಂದ ಕೆಳಗಿರುವವರೆಲ್ಲ ಇಡ್ಲಿ ಸಾಂಬಾರಿನಲ್ಲಿ ಬದುಕುವವರು, ಅದನ್ನು ತಿದ್ದುತ್ತಾ ಕೂತರೆ ದಿನ ಸಾಲುವುದಿಲ್ಲ. ಜೊತೆಗೆ ನಾನು ಅದಕ್ಕೆ ಮೊದಲು ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು ಬಂದಿದ್ದೆ. ಒಬ್ಬಳೇ ಯಾಕೆ, ಯಾರು ಬಂದು ಹೋಗುತ್ತಾರೆ, ಎಷ್ಟು ಹೊತ್ತಿಗೆ ವಾಪಸು ಬರುತ್ತೀ ಎಂದು ಕೇಳಿ ಕೇಳಿ, ಕೊನೆಗೆ ಮನೆ ಕೊಡದೆ ಕಳಿಸಿದವರೇ ಹೆಚ್ಚು. ಈ ರೂಮಿಗೆ ಬೇರೆಯೇ ಮೆಟ್ಟಿಲಿತ್ತು, ಚಿತ್ರ ಬರೆಯುವುದಕ್ಕೆ ಬೇಕಾದ ಉತ್ತರದ ಬೆಳಕಿತ್ತು. ಇದನ್ನು ಕಳೆದುಕೊಳ್ಳಬಾರದು ಎಂಬ ಹೆದರಿಕೆ ಬೀಗದ ಕೈ ಹಿಡಿದ ದಿನವೇ ಶುರುವಾಯಿತು.

ಭಾನುವಾರ ಬಸ್ಸು ಹತ್ತಿ ಕಿದ್ವಾಯಿ ನಗರಕ್ಕೆ ಹೋಗುತ್ತಿದ್ದೆ. ಅಲ್ಲಿ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮೂರ ಕಡೆಯ ಒಬ್ಬ ಅಕ್ಕ ಇದ್ದಳು, ಅಪ್ಪನ ಸೈನ್ಯದ ಸ್ನೇಹಿತರ ಮಗಳು. ಭಾವ ಮಾರ್ಕೆಟ್ಟಿನಿಂದ ಹಂದಿಮಾಂಸ ತರುತ್ತಿದ್ದರು, ಅಕ್ಕ ಊರಿನ ಕಾಚಂಪುಳಿಯ ಹುಳಿ ಹಾಕಿ ಕಪ್ಪಗೆ ಹುರಿಯುತ್ತಿದ್ದಳು. ತಿಂದು, ಸೋಪಿನಲ್ಲಿ ಎರಡೆರಡು ಸಲ ಕೈ ತೊಳೆದು, ಸೋಂಪು ಜಗಿಯುತ್ತಾ ಹೌಜ್ ಖಾಸ್‌ಗೆ ಮರಳುತ್ತಿದ್ದೆ. ಮನೆಯ ಒಡತಿಯನ್ನು ನಾನು ಆಂಟೀಜಿ ಎನ್ನುತ್ತಿದ್ದೆ. ಕೆಳಗೆ ಅವರು ಬಾಗಿಲಲ್ಲಿ ಕೂತಿದ್ದರೆ ಸ್ವಲ್ಪ ದೂರದಿಂದಲೇ ನಮಸ್ತೆ ಹೇಳಿ ಮೇಲೆ ಹತ್ತಿಬಿಡುತ್ತಿದ್ದೆ. ಹೀಗೆ ಒಂದು ವರ್ಷದ ಮೇಲೆ ನಡೆಯಿತು, ಯಾರಿಗೂ ಏನೂ ಆಗಲಿಲ್ಲ.

ನನ್ನ ಕೆಲಸ ಶಾಲೆಯ ವಿಜ್ಞಾನ ಪುಸ್ತಕಗಳಿಗೆ ಚಿತ್ರ ಬರೆಯುವುದು. ಕಪ್ಪೆಯ ಹೊಟ್ಟೆ, ದಾಸವಾಳದ ಸೀಳು, ಮನುಷ್ಯನ ಕಿವಿ, ಎಲ್ಲದಕ್ಕೂ ಗೆರೆ ಎಳೆದು ಭಾಗಗಳ ಹೆಸರು. ಏಳನೆಯ ತರಗತಿಯ ಪುಸ್ತಕದಲ್ಲಿ ಕೀಟ ತಿನ್ನುವ ಸಸ್ಯಗಳ ಒಂದು ಪುಟ ಇರುತ್ತದೆ. ಅಲ್ಲಿಯವರೆಗೆ ಎಲ್ಲರೂ ಹಳೆಯ ಪುಸ್ತಕ ನೋಡಿ ಹೊಸ ಪುಸ್ತಕಕ್ಕೆ ಬರೆದವರೇ. ನನಗೆ ಹಟ ಬಂದು, ನಿಜವಾದ ಗಿಡ ನೋಡದೆ ಬರೆಯುವುದಿಲ್ಲ ಎಂದೆ. ಆಫೀಸಿನವರು ಗೊಣಗಿಕೊಂಡೇ ನರ್ಸರಿಯಿಂದ ಒಂದು ಹೂಜಿ ಗಿಡ ತರಿಸಿಕೊಟ್ಟರು. ಉದ್ದನೆಯ ಎಲೆ, ಎಲೆಯ ತುದಿಯಿಂದ ಇಳಿದ ಬಳ್ಳಿ, ಬಳ್ಳಿಯ ಕೊನೆಗೆ ಬೆರಳುದ್ದದ ಹಸಿರು ಹೂಜಿ, ಅದರ ಬಾಯಿಗೆ ಕೆಂಪು ಅಂಚು, ಮೇಲೊಂದು ಸಣ್ಣ ಮುಚ್ಚಳ. ಅಂಚಿನ ಸಿಹಿಗೆ ಬಂದ ಇರುವೆ ಜಾರಿ ಒಳಗಿನ ನೀರಿಗೆ ಬೀಳುತ್ತದೆ. ಗಿಡ ಅದನ್ನು ನಿಧಾನವಾಗಿ ಕರಗಿಸಿ ಹೀರಿಕೊಳ್ಳುತ್ತದೆ.

ಎರಡು ವಾರ ಅದರ ಮುಂದೆ ಕೂತು ನೋಡಿದೆ. ಪುಸ್ತಕಗಳಲ್ಲೆಲ್ಲ ಕೀಟ ಬಿದ್ದೊಡನೆ ಮುಚ್ಚಳ ಮುಚ್ಚಿಕೊಳ್ಳುತ್ತದೆ ಎಂದು ಬರೆದಿತ್ತು. ಮುಚ್ಚಳ ಅಲುಗಲಿಲ್ಲ. ಇರುವೆ ಬಿತ್ತು, ನೊಣ ಬಿತ್ತು, ಒಂದು ಜಿರಲೆ ಮರಿಯೂ ಬಿತ್ತು, ಮುಚ್ಚಳ ಇದ್ದ ಹಾಗೇ ಇತ್ತು. ಮಳೆ ನೀರು ತುಂಬದಿರಲೆಂದು ಇರುವ ಕೊಡೆ ಅದು. ಸಂಪಾದಕರ ಹತ್ತಿರ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಪರೀಕ್ಷೆಯಲ್ಲಿ ಮುಚ್ಚುತ್ತದೆ ಎಂದು ಬರೆದವರಿಗೆ ಅಂಕ. ಮುಚ್ಚಿದ ಹಾಗೆ ಬರೆದುಬಿಡಿ,” ಎಂದರು. ಮುಚ್ಚಿದ ಹಾಗೆ ಬರೆದೆ. ಚಿತ್ರ ಅಚ್ಚಿಗೆ ಹೋಯಿತು. ಗಿಡ ಯಾರಿಗೂ ಬೇಡವಾಗಿ ಕಸದ ಬುಟ್ಟಿಯ ಪಕ್ಕಕ್ಕೆ ಬಂತು, ಅಲ್ಲಿಂದ ನಾನು ಮನೆಗೆ ತಂದೆ.

ಅದರ ಆರೈಕೆ ನಮಗೆ ಗೊತ್ತಿರುವ ಎಲ್ಲ ಆರೈಕೆಗೂ ತಿರುಗುಮುರುಗು. ಗೊಬ್ಬರ ಹಾಕಬಾರದು, ಒಳ್ಳೆಯ ಮಣ್ಣಿನಲ್ಲಿ ನೆಡಬಾರದು, ಅಕ್ಕಿ ತೊಳೆದ ನೀರು ಹಾಕಲೇಬಾರದು. ಕುಂಡದಲ್ಲಿದ್ದದ್ದು ತೆಂಗಿನ ನಾರು, ಪಾಚಿ, ಒಂದಿಷ್ಟು ಇದ್ದಿಲ ಚೂರು. ದೆಹಲಿಯ ನಲ್ಲಿ ನೀರು ಬಕೆಟ್ಟಿನಲ್ಲೇ ಬಿಳಿ ಪಟ್ಟೆ ಬಿಡುವಂಥದ್ದು, ಅದನ್ನು ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಹಾಗಾಗಿ ಇನ್ವರ್ಟರ್ ಅಂಗಡಿಯಿಂದ ಬ್ಯಾಟರಿಗೆ ಹಾಕುವ ನೀರಿನ ಕ್ಯಾನು ತರುತ್ತಿದ್ದೆ. ಮೂರನೆಯ ಸಲ ಹೋದಾಗ ಅಂಗಡಿಯ ಭಯ್ಯಾ, “ಮೇಡಂ, ನಿಮ್ಮ ಬ್ಯಾಟರಿ ಎಲ್ಲೋ ಸೋರುತ್ತಿದೆ, ಹುಡುಗನನ್ನು ಕಳಿಸಲಾ?” ಎಂದು ಕೇಳಿದ. ಗಿಡಕ್ಕೆ ಎಂದೆ. ಅವನು ಹುಡುಗನ ಮುಖ ನೋಡಿ ಕ್ಯಾನು ಎತ್ತಿಕೊಟ್ಟ.

ಬೇಸಿಗೆ ಬಂತು. ಬಿಸಿಗಾಳಿಗೆ ನನ್ನ ರೂಮಿನಲ್ಲಿ ಹೂಜಿಗಳ ಅಂಚು ಒಣಗತೊಡಗಿತು. ಗಿಡಕ್ಕೆ ಒದ್ದೆ ಗಾಳಿ ಬೇಕು, ಒದ್ದೆ ಗಾಳಿ ಇದ್ದದ್ದು ಕೆಳಗೆ ಆಂಟೀಜಿಯ ನಡುಮನೆಯ ಕೂಲರಿನ ಮುಂದೆ. ಇಟ್ಟುಕೊಳ್ಳಲು ಆಗುತ್ತದೆಯೇ ಎಂದು ಕೇಳಿದೆ. ಅವರು ಗಿಡವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಅರೆ, ಒಂದೊಂದೂ ಪುಟ್ಟ ಕಲಶ,” ಎಂದರು. ಪೂಜೆಯ ಕಲಶವನ್ನು ಹಿಡಿಯುವ ಹಾಗೇ ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದರು. ಅದು ಏನು ತಿನ್ನುತ್ತದೆ ಎಂದು ಹೇಳಬೇಕಾಗಿದ್ದ ಹೊತ್ತು ಅದೇ. ಬ್ಯಾಟರಿ ನೀರು ಮಾತ್ರ ಹಾಕಬೇಕು ಎಂದಷ್ಟೇ ಹೇಳಿ ಮೇಲೆ ಬಂದೆ.

ಅವರು ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವವರಲ್ಲ, ಯಾರಿಗೂ ಕೊಡುವವರೂ ಅಲ್ಲ. ಕಣ್ಣಿಗೆ ಕಾಣದ ಜೀವ ನೀರಿನಲ್ಲಿರುತ್ತದೆ ಎಂಬುದು ಅವರ ನಂಬಿಕೆ. ಕಾರ್ಖಾನೆಯಲ್ಲಿ ಕುದಿಸಿ ಇಳಿಸಿ ಮೊಹರು ಹಾಕಿದ ಬ್ಯಾಟರಿ ನೀರನ್ನೂ ಬಿಳಿಯ ಬಟ್ಟೆಯಲ್ಲಿ ಸೋಸಿಯೇ ಗಿಡಕ್ಕೆ ಹಾಕುತ್ತಿದ್ದರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುತ್ತಿದ್ದರು, ಗಿಡಕ್ಕೂ ಅಷ್ಟರೊಳಗೆ ನೀರು ಹಾಕಿ ಮುಗಿಸುತ್ತಿದ್ದರು. ಕೂಲರಿನ ಗಾಳಿಗೆ ಗಿಡ ಚೇತರಿಸಿಕೊಂಡಿತು. ನಾನು ಆಫೀಸಿನಿಂದ ಬಂದಾಗ, “ನಾಲ್ಕನೆಯ ಕಲಶ ಬಾಯಿ ಬಿಟ್ಟಿದೆ ಬೇಟಿ, ಬಂದು ನೋಡು,” ಎಂದು ಕರೆಯುತ್ತಿದ್ದರು. ಅದರ ನೆಪದಲ್ಲಿ ನನಗೂ ಒಂದು ಲೋಟ ಮಜ್ಜಿಗೆ, ಎರಡು ಮಾತು ಸಿಗುತ್ತಿದ್ದವು. ನನಗೆ ಅವರು ಇಷ್ಟವಾಗುತ್ತಾ ಹೋದರು. ಇಷ್ಟವಾದಷ್ಟೂ ಬಾಯಿ ಬಿಡುವುದು ಕಷ್ಟವಾಯಿತು.

ಮಳೆಗಾಲ ಶುರುವಾದ ಮೇಲೆ ಹುಳಹುಪ್ಪಟೆ ಹೆಚ್ಚಾದವು. ಒಂದು ಬೆಳಿಗ್ಗೆ ಆಫೀಸಿಗೆ ಹೊರಟಿದ್ದ ನನ್ನನ್ನು ಆಂಟೀಜಿ ಒಳಗೆ ಕರೆದರು. ಕೈಯಲ್ಲಿ ಟಾರ್ಚು. ದೊಡ್ಡ ಹೂಜಿಯೊಳಗೆ ಬೆಳಕು ಬಿಟ್ಟು ತೋರಿಸಿದರು. ತಳದಲ್ಲಿ ಸತ್ತ ಇರುವೆಗಳ ಕಪ್ಪು ರಾಶಿ. ಅವರ ಕಣ್ಣು ತುಂಬಿತ್ತು. “ಪಾಪ, ನೀರು ಕುಡಿಯೋಕೆ ಬಂದು ಬಿದ್ದುಹೋಗಿವೆ. ನಾನು ದಿನಾ ಪಕ್ಕದಲ್ಲೇ ಕೂತಿರುತ್ತೇನೆ, ನೋಡಲೇ ಇಲ್ಲ,” ಎಂದರು. ಗಿಡಕ್ಕೆ ಒಂದೇ ಇಂದ್ರಿಯ, ಇರುವೆಗೆ ಮೂರು, ನೊಣಕ್ಕೆ ನಾಲ್ಕು ಎಂದು ಬೆರಳು ಮಡಿಸಿ ಲೆಕ್ಕ ಹೇಳಿದರು. ಇಂದ್ರಿಯ ಹೆಚ್ಚಿದ್ದಷ್ಟೂ ನೋವು ಹೆಚ್ಚು. ನಾನು ಗಡಿಯಾರ ನೋಡಿಕೊಂಡು, ಕ್ಯಾಬ್ ಬಂದಿರುತ್ತದೆ ಆಂಟೀಜಿ ಎಂದೆ.

ಸಂಜೆ ಬಂದಾಗ ಹೂಜಿಗಳೆಲ್ಲ ಖಾಲಿಯಾಗಿದ್ದವು. ಅವರು ಒಂದೊಂದನ್ನೂ ಬಗ್ಗಿಸಿ ನೀರು ಚೆಲ್ಲಿ, ಹತ್ತಿಯ ಬತ್ತಿಯಿಂದ ಒಳಗನ್ನು ಒರೆಸಿದ್ದರು. ಬದುಕಿದ್ದ ಎರಡು ಇರುವೆಗಳನ್ನು ಅಂಗಳದ ತುಳಸಿಯ ಬುಡಕ್ಕೆ ಬಿಟ್ಟು ಬಂದಿದ್ದರಂತೆ. ಆಮೇಲೆ ನೀರು ಸೋಸುವ ಬಟ್ಟೆಯಲ್ಲಿ ಸಣ್ಣ ಸಣ್ಣ ಚೌಕ ಕತ್ತರಿಸಿ, ಪ್ರತಿ ಹೂಜಿಯ ಬಾಯಿಗೂ ಹೊದಿಸಿ ದಾರದಿಂದ ಕಟ್ಟಿದ್ದರು. ಏಳು ಹೂಜಿ, ಏಳು ಬಿಳಿ ಬಟ್ಟೆ. ಉಪ್ಪಿನಕಾಯಿ ಭರಣಿಗಳನ್ನು ಬಿಸಿಲಿಗೆ ಇಟ್ಟ ಹಾಗೆ ಕಾಣುತ್ತಿತ್ತು. ದಾರವನ್ನು ಎಷ್ಟು ಹಗುರವಾಗಿ ಕಟ್ಟಿದ್ದರೆಂದರೆ ಒಂದು ಹೂಜಿಯೂ ಮುದುಡಿರಲಿಲ್ಲ. “ಈಗ ಯಾರೂ ಬೀಳುವುದಿಲ್ಲ,” ಎಂದು ಮಕ್ಕಳಿಗೆ ಕುಲಾವಿ ತೊಡಿಸಿದಷ್ಟು ಸಂತೋಷದಿಂದ ಹೇಳಿದರು. ನಾನು ಚೆನ್ನಾಗಿದೆ ಎಂದೆ. ನಿಜಕ್ಕೂ ಚೆನ್ನಾಗಿತ್ತು, ಮೇಲೆ ಹೋಗಿ ಅದರ ಚಿತ್ರ ಬರೆದೆ.

ಆ ಭಾನುವಾರ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅಕ್ಕ ಸೌಟು ಹಿಡಿದುಕೊಂಡೇ ನಕ್ಕಳು, ಆಮೇಲೆ ನಗು ನಿಲ್ಲಿಸಿ, “ಹೇಳಿಬಿಡು ಮಾರಾಯ್ತಿ. ಗಿಡದ ವಿಷಯ ತಾನೇ, ನಿನ್ನ ವಿಷಯ ಅಲ್ವಲ್ಲ,” ಎಂದಳು.

“ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳ್ತಾರೆ ಅಕ್ಕ. ಕೇಳಿದ್ರೆ ನಂಗೆ ಸುಳ್ಳು ಹೇಳೋಕೆ ಬರಲ್ಲ.”

“ಒಂದು ವರ್ಷದಿಂದ ಹೇಳ್ತಾ ಇರೋದು ಏನು ಮತ್ತೆ?”

“ನಾನೇನೂ ಹೇಳಿಲ್ಲ. ಸುಮ್ಮನಿದ್ದೀನಿ ಅಷ್ಟೇ.”

ಅಕ್ಕನ ಮಗಳು ಏಳನೆಯ ಕ್ಲಾಸಿನಲ್ಲಿದ್ದಳು. ಪುಸ್ತಕದಿಂದ ತಲೆ ಎತ್ತಿ, “ಚಿಕ್ಕಮ್ಮಾ, ಕಪ್ಡಾ ಬೇಡ ಅಂತ ಹೇಳಿ. ಉಸ್ಕಾ ಢಕ್ಕನ್ ತೋ ಖುದ್ ಬಂದ್ ಹೋತಾ ಹೈ, ಮುಚ್ಚಳ ತಾನೇ ಮುಚ್ಕೊಳ್ಳುತ್ತೆ, ನಮ್ಮ ಬುಕ್‌ನಲ್ಲಿ ಪಿಕ್ಚರ್ ಇದೆ,” ಎಂದಳು. ಪುಸ್ತಕ ಯಾವುದೆಂದು ನೋಡಲು ನಾನು ಹೋಗಲಿಲ್ಲ. ತಟ್ಟೆ ಮುಂದೆ ಬಂದಿತ್ತು, ಊಟ ಮಾಡಿದೆ.

ಒಂದು ತಿಂಗಳಲ್ಲಿ ಗಿಡದ ಬಣ್ಣ ಇಳಿಯಿತು. ನೀರು ಚೆಲ್ಲಿಹೋಗಿದ್ದ ಹಳೆಯ ಹೂಜಿಗಳು ಮೇಲಿನಿಂದ ಕಂದಾಗುತ್ತಾ ಬಂದವು. ಹೊಸ ಎಲೆಗಳು ಹಳದಿಯಾಗಿ ಹುಟ್ಟಿದವು, ಅವುಗಳ ಬಳ್ಳಿಯ ತುದಿಯಲ್ಲಿ ಹೂಜಿ ಮೂಡಲಿಲ್ಲ. ಆಂಟೀಜಿ ಅದನ್ನು ಕೂಲರಿನ ಮುಂದಿನಿಂದ ಕಿಟಕಿಗೆ, ಕಿಟಕಿಯಿಂದ ದೇವರ ಕೋಣೆಯ ಬಾಗಿಲಿಗೆ ಸರಿಸಿ ನೋಡಿದರು. ನೀರನ್ನು ಎರಡು ಸಲ ಸೋಸಿದರು. ನನ್ನನ್ನು ಕೇಳಿದರು. ಮಳೆಗಾಲ ಅಲ್ಲವಾ, ಹಾಗಾಗುತ್ತದೆ ಎಂದೆ. ಅದು ಮೊದಲ ನಿಜವಾದ ಸುಳ್ಳು, ಬಾಯಿ ಬಿಟ್ಟು ಹೇಳಿದ್ದು. ಅಷ್ಟೇನೂ ಕಷ್ಟವಾಗಲಿಲ್ಲ, ಹೆದರಿಕೆ ದೊಡ್ಡದಾಗಿದ್ದರೆ ಸುಳ್ಳು ಯಾರಿಗಾದರೂ ಬರುತ್ತದೆ. ಗಿಡದ ಜೊತೆ ನನ್ನನ್ನು ಹೋಲಿಸಿಕೊಂಡು ಮರುಗುವ ಆಸೆಯೂ ಒಂದೆರಡು ಸಲ ಬಂದಿತ್ತು. ಆದರೆ ಹಸಿದಿದ್ದದ್ದು ಅದು. ನಾನು ವಾರಕ್ಕೊಮ್ಮೆ ಹೊಟ್ಟೆ ಬಿರಿಯ ತಿಂದು ಬರುತ್ತಿದ್ದೆ.

ಭಾದ್ರಪದದಲ್ಲಿ ಅವರ ಹತ್ತು ದಿನದ ಪರ್ವ ಬಂತು. ಆಂಟೀಜಿ ದಿನಕ್ಕೆ ಒಂದೇ ಹೊತ್ತು ಊಟ ಮಾಡಿ ಬಸದಿಗೆ ಹೋಗಿ ಬರುತ್ತಿದ್ದರು. ಅದು ಮುಗಿದ ಮರುದಿನ ಅವರಲ್ಲಿ ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ, ವರ್ಷವಿಡೀ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕೈ ಮುಗಿದು ಕ್ಷಮೆ ಕೇಳುವ ಪದ್ಧತಿ. ಹಿಂದಿನ ವರ್ಷವೂ ಅವರು ನನ್ನ ಬಾಗಿಲಿಗೆ ಬಂದಿದ್ದರು. ಆಗ ಏನೆಂದು ಅರ್ಥವಾಗದೆ, ನೋ ಪ್ರಾಬ್ಲಂ ಆಂಟೀಜಿ ಎಂದು ಹೇಳಿ ಕಳಿಸಿದ್ದೆ. ಈ ಸಲ ಅವರು ಮೆಟ್ಟಿಲಿನಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಬಂದರು. ಕೈಯಲ್ಲಿ ಗಿಡವಿತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು, ಕೈ ಜೋಡಿಸಿದರು.

“ನಿನ್ನ ಗಿಡ ನನ್ನ ಕೈಯಲ್ಲಿ ಸೊರಗಿತು ಬೇಟಿ. ಏನು ತಪ್ಪಾಯಿತೋ ನನಗೆ ಗೊತ್ತಾಗಲಿಲ್ಲ. ಕ್ಷಮಿಸು.”

ನನಗಿಂತ ಮೂವತ್ತೈದು ವರ್ಷ ದೊಡ್ಡವರು, ಹತ್ತು ದಿನದ ಉಪವಾಸದಲ್ಲಿ ಕೆನ್ನೆ ಒಳಗೆ ಹೋದವರು, ತಲೆ ತಗ್ಗಿಸಿ ನಿಂತಿದ್ದರು. ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ. ಕೂತುಕೊಳ್ಳಿ ಆಂಟೀಜಿ ಎಂದು ಕುರ್ಚಿ ಎಳೆದುಕೊಟ್ಟು, ಎಲ್ಲವನ್ನೂ ಹೇಳಿದೆ. ಈ ಗಿಡ ಹುಳುಗಳನ್ನು ತಿಂದು ಬದುಕುವುದು, ಇರುವೆಗಳು ತಪ್ಪಿ ಬಿದ್ದದ್ದಲ್ಲ, ಅವುಗಳನ್ನು ಗಿಡವೇ ಕರೆಸಿಕೊಂಡದ್ದು, ಬಾಯಿಗೆ ಬಟ್ಟೆ ಕಟ್ಟಿದ್ದರಿಂದ ಅದಕ್ಕೆ ಆಹಾರ ಸಿಕ್ಕಿಲ್ಲ.

ಅವರು ಗಿಡವನ್ನೇ ನೋಡುತ್ತಿದ್ದರು. “ಇದು ನಿನಗೆ ಯಾವಾಗ ಗೊತ್ತಾಯಿತು?”

“ಮೊದಲಿಂದ ಗೊತ್ತು.”

“ನಾನು ಬಟ್ಟೆ ಕಟ್ಟಿದ ದಿನ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

ಆಗ ಉಳಿದದ್ದನ್ನೂ ಹೇಳಿದೆ. ನಮ್ಮೂರು ಗೊಮ್ಮಟನ ಬೆಟ್ಟದಿಂದ ದೂರ ಎಂದೆ. ನಮ್ಮ ಮನೆಯಲ್ಲಿ ಎಲ್ಲರೂ ಮಾಂಸ ತಿನ್ನುತ್ತೇವೆ, ಭಾನುವಾರ ನಾನು ಹೋಗುವುದೂ ಅದಕ್ಕೇ, ಈ ಮನೆಯೊಳಗೆ ಮಾತ್ರ ಒಂದು ದಿನವೂ ತಂದಿಲ್ಲ, ಗೊತ್ತಾದರೆ ರೂಮು ಬಿಡಿಸುತ್ತೀರಿ ಎಂದು ಹೆದರಿದ್ದೆ ಎಂದೆ.

ಅವರು ಸಿಟ್ಟಾಗಲಿಲ್ಲ. ಮುಖ ಸಿಂಡರಿಸಲೂ ಇಲ್ಲ. ಗಿಡವನ್ನು ಹತ್ತಿರಕ್ಕೆ ಎಳೆದುಕೊಂಡು ಬಟ್ಟೆಗಳನ್ನು ಬಿಚ್ಚತೊಡಗಿದರು. ಕೂಲರಿನ ತೇವಕ್ಕೆ ದಾರದ ಗಂಟು ಬಿಗಿದಿತ್ತು, ಉಗುರಿನಿಂದ ಬಿಡಿಸುತ್ತಿದ್ದರು. ನಾನು ಸಹಾಯಕ್ಕೆ ಕೈ ಚಾಚಿದಾಗ ಬೇಡ ಎಂದು ಕಣ್ಣಲ್ಲೇ ಹೇಳಿದರು. ಒಣಗಿದ ಒಂದು ಹೂಜಿ ಬಟ್ಟೆಯ ಜೊತೆಗೇ ಕಿತ್ತು ಬಂತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡೇ ಉಳಿದವನ್ನು ಬಿಚ್ಚಿ ಮುಗಿಸಿದರು.

“ನೀನು ಏನು ತಿನ್ನುತ್ತೀ ಅನ್ನುವುದು ನಿನ್ನ ಕರ್ಮ,” ಎಂದರು. “ಇದು ಏನು ತಿನ್ನುತ್ತದೆ ಅನ್ನುವುದು ಇದರದ್ದು. ಆದರೆ ಇದರ ಬಾಯಿ ಕಟ್ಟಿದ್ದು ನಾನು. ಒಂದು ಜೀವವನ್ನು ಒಂದೂವರೆ ತಿಂಗಳು ಉಪವಾಸ ಕೆಡವಿದೆ, ಪುಣ್ಯ ಮಾಡುತ್ತಿದ್ದೇನೆ ಅಂದುಕೊಂಡು. ನೀನು ದಿನಾ ಬಂದು ಮಜ್ಜಿಗೆ ಕುಡಿದು, ನೋಡಿಕೊಂಡು ಹೋದೆ.”

ನಾನು ಕ್ಷಮೆ ಕೇಳಿದೆ. ಹಿಂದಿಯಲ್ಲಿ ಕೇಳಿದೆ, ಸಾಲದೆನಿಸಿ ಅವರಿಗೆ ಅರ್ಥವಾಗದ ಕನ್ನಡದಲ್ಲೂ ಕೇಳಿದೆ.

“ಕ್ಷಮಿಸಿದ್ದೇನೆ,” ಎಂದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ, ಅವರು ಕ್ಷಮಿಸಿಯೇ ಇದ್ದರು. “ಇವತ್ತು ಕ್ಷಮಿಸದಿದ್ದರೆ ನಾನು ಹತ್ತು ದಿನ ಮಾಡಿದ್ದು ಏನು? ಆದರೆ ರೂಮು ನೋಡಿಕೋ ಬೇಟಿ. ದೀಪಾವಳಿಯ ತನಕ ಇರು, ಅವಸರ ಇಲ್ಲ. ನಾನು ಮುಂದೆ ನಿನ್ನನ್ನು ಏನು ಕೇಳಿದರೂ, ಇವಳು ಇನ್ನೇನನ್ನು ನೋಡಿಕೊಂಡು ಸುಮ್ಮನಿದ್ದಾಳೋ ಅನ್ನಿಸುತ್ತದೆ. ಆ ಯೋಚನೆ ಇಟ್ಟುಕೊಂಡು ಒಂದೇ ಮನೆಯಲ್ಲಿರುವುದು ನನ್ನ ಕೈಲಾಗುವುದಿಲ್ಲ.” ಇಳಿದು ಹೋಗುವಾಗ ಗಿಡವನ್ನು ಮತ್ತೆ ಕೆಳಗೆ ಒಯ್ದರು.

ಅಕ್ಟೋಬರಿನಲ್ಲಿ ದ್ವಾರಕಾದಲ್ಲಿ ಒಂದು ಸೊಸೈಟಿಯ ಫ್ಲಾಟು ಸಿಕ್ಕಿತು, ಆಫೀಸಿನ ಇನ್ನಿಬ್ಬರು ಹುಡುಗಿಯರ ಜೊತೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಸಾಮಾನು ಟೆಂಪೋಗೆ ಹಾಕಿಸಿ, ಗಿಡವನ್ನು ತೆಗೆದುಕೊಳ್ಳಲು ಕೆಳಗಿನ ನಡುಮನೆಗೆ ಹೋದೆ. ಅದು ಕಿಟಕಿಯಲ್ಲಿತ್ತು. ಹೊಸ ಎಲೆಯೊಂದು ಹಸಿರಾಗಿ ಬಂದು, ಅದರ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಹೂಜಿ ಮೂಡಿತ್ತು. ಕಿಟಕಿಯ ಜಾಲರಿಯ ಒಂದು ಮೂಲೆಯನ್ನು ಯಾರೋ ಮಡಚಿ, ಅಂಗೈಯಷ್ಟು ಜಾಗ ಬಿಟ್ಟಿದ್ದರು. ಆಂಟೀಜಿ ಅತ್ತ ಬೆನ್ನು ಮಾಡಿ ಕೂತು ಬೇಳೆ ಆರಿಸುತ್ತಿದ್ದರು.

“ಗಿಡ ಇಲ್ಲೇ ಇರಲಿ,” ಎಂದರು, ತಿರುಗದೆ. “ಅದು ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ.”

ನಾನು ಕಾಲು ಮುಟ್ಟಿ ನಮಸ್ಕರಿಸಿದೆ, ಅವರು ತಲೆಯ ಮೇಲೆ ಕೈಯಿಟ್ಟರು. ಟೆಂಪೋದಲ್ಲಿ ಡ್ರೈವರಿನ ಪಕ್ಕ ಕೂತು ದ್ವಾರಕಾದವರೆಗೆ ಯೋಚಿಸಿದೆ. ಮನೆ ಬಿಡಿಸಿದ್ದಕ್ಕೆ ಆಂಟೀಜಿಯ ಮೇಲೆ ಸ್ವಲ್ಪವೂ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಆ ಮನೆಯಲ್ಲೇ ಉಳಿದುಕೊಂಡ ಗಿಡದ ಮೇಲೆ.